ಸಾಕುಮಕ್ಕಳೂ ಸರಕಾರವೂ



ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಪೋಷಿಸು ಎಂಬುದೊಂದು, ಇನ್ನು ಬೇಡ ಎಂಬುದಿನ್ನೊಂದು. ಇವೆರಡಕ್ಕೂ ಮೂಲದಲ್ಲಿ ಸಂಬಂಧವಿದೆಯೋ ಇಲ್ಲವೋ ಎಂಬ ಚರ್ಚೆಯನ್ನು ವಿದ್ವಾಂಸರಿಗೆ ಬಿಡೋಣ. ಪರರ ಮನೆಯಲ್ಲಿ ಬೆಳೆದ ಮಗುವಿನ ಬಾಳಿನಲ್ಲಿ ಮಾತ್ರ ಈ ಎರಡು ಅರ್ಥಗಳೂ ಒಂದರ ಬೆನ್ನಿಗೊಂದು ಬಂದುದನ್ನು ನಾನು ಕಂಡಿದ್ದೇನೆ. ಇಂತಹ ಮಕ್ಕಳಿಗಾಗಿ ಸರಕಾರ ಈಚಿನ ವರ್ಷಗಳಲ್ಲಿ ಮಾಡಿರುವ ವ್ಯವಸ್ಥೆ ಏನು, ಅದು ನಮ್ಮ ಮಲೆನಾಡಿನ ಹಳೆಯ ರೂಢಿಗಿಂತ ಹೇಗೆ ಬೇರೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ಮನೆ ಕಟ್ಟಿದ ಕೇರಿಯಲ್ಲ. ಗುಡ್ಡಕ್ಕೊಂದು ಕಣಿವೆಗೊಂದು ಮನೆ. ಮುಂದೆ ಅಡಿಕೆ ತೋಟ, ಬೆನ್ನಿಗೆ ಸೊಪ್ಪಿನ ಬೆಟ್ಟ. ತಾಯಿತಂದೆಯರನ್ನು ಕಳೆದುಕೊಂಡ ಮಗುವನ್ನು ಇಲ್ಲಿ ಸೋದರಮಾವನೋ ದೊಡ್ಡಪ್ಪನೋ ಅಜ್ಜಿಯೋ ಬಂದು ಕರೆದೊಯ್ಯುತ್ತಿದ್ದರು. ಪೇಟೆಯಲ್ಲಿ ಓದುವ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆಯ ಊಟ, ಮಂಗಳವಾರ ಇನ್ನೊಂದು ಮನೆಯದು. ಇದನ್ನು ಯಾವ ಸರಕಾರವೂ ಏರ್ಪಡಿಸಿರಲಿಲ್ಲ. ಅದರ ಹಿರಿಮೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಅದಕ್ಕೆ ಜಾತಿಯ ಬೇಲಿಯಿತ್ತು. ವಾರಾನ್ನ ಎಲ್ಲರ ಮಕ್ಕಳಿಗೂ ದೊರೆಯುತ್ತಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ದೂರವೇ ಉಳಿಯಿತು. ಇದಕ್ಕಿಂತಲೂ ಒಳಗಿನ ಕೊರತೆ ಇನ್ನೊಂದಿತ್ತು. ಅದನ್ನು ನನ್ನ ಮನೆಯ ಉದಾಹರಣೆಯಿಂದಲೇ ಹೇಳಬೇಕಾಗಿದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಅದರಡಿ ಸೇರಿದವು. ‘ಮುಳುಗಡೆ’ ಎಂಬ ಒಂದೇ ಶಬ್ದದಲ್ಲಿ ನಮ್ಮವರು ಆ ದುಃಖವನ್ನೆಲ್ಲ ಅಡಗಿಸಿಟ್ಟಿದ್ದಾರೆ. ಹೊಸನಗರ ತಾಲ್ಲೂಕಿನ ನಮ್ಮ ಮನೆಗೆ ಕೆಲವು ವರ್ಷಗಳ ತರುವಾಯ ಮುಳುಗಡೆಯ ಕಡೆಯಿಂದ ಒಬ್ಬ ಹುಡುಗಿ ಬಂದಳು. ದೂರದ ನೆಂಟರ ಮಗಳು. ತಾಯಿ ತೀರಿಹೋಗಿದ್ದಳು, ತಂದೆ ಕೆಲಸ ಹುಡುಕಿ ಘಟ್ಟದ ಕೆಳಗೆ ಹೋದವನು ಮರಳಲಿಲ್ಲ. ನನಗಾಗ ಒಂಬತ್ತು ವರ್ಷ, ಅವಳಿಗೆ ಹನ್ನೊಂದು. ನಾನು ಅವಳನ್ನು ಅಕ್ಕ ಎಂದು ಕರೆಯುತ್ತಿದ್ದೆ. ಅವಳಿಗೆ ಹೊಟ್ಟೆಗೆ ಕಡಮೆಯಾಗಲಿಲ್ಲ, ಯಾರೂ ಹೊಡೆಯಲಿಲ್ಲ, ಹಬ್ಬಕ್ಕೆ ಹೊಸ ಲಂಗವೂ ಬರುತ್ತಿತ್ತು. ಆದರೆ ಬೆಳಗ್ಗೆ ನಾನು ಪಾಟಿಚೀಲ ಹಿಡಿದು ಹೊರಟಾಗ ಅವಳು ಕೊಟ್ಟಿಗೆಯಲ್ಲಿರುತ್ತಿದ್ದಳು. ನಾಲ್ಕನೆಯ ಇಯತ್ತೆಗೆ ಅವಳ ಓದು ನಿಂತಿತು. ನಿಲ್ಲಿಸಿದವರು ಯಾರೆಂದು ಕೇಳಿದರೆ ಇಂಥವರೆಂದು ಹೇಳಲು ಬಾರದು. ಮುಂದುವರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

‘ಮನೆಮಗಳಂತೆ ನೋಡಿಕೊಂಡೆವು’ ಎಂದು ನನ್ನ ತಾಯಿ ಕೊನೆಯವರೆಗೂ ಹೇಳುತ್ತಿದ್ದರು. ಅದು ಸುಳ್ಳಲ್ಲ. ಮೂವತ್ತು ವರ್ಷ ಸಾಗರದಲ್ಲಿ ಕನ್ನಡ ಪಾಠ ಹೇಳಿದ ನನಗೆ ಆ ವಾಕ್ಯದ ‘ಅಂತೆ’ ಎಷ್ಟು ಭಾರವಾದ ಪ್ರತ್ಯಯವೆಂಬುದು ಬಹಳ ತಡವಾಗಿ ತಿಳಿಯಿತು. ನಮ್ಮ ಮನೆಯವರು ಕೆಟ್ಟವರಾಗಿರಲಿಲ್ಲ. ಆ ಹುಡುಗಿಯ ಪರವಾಗಿ ಹೊರಗಿನಿಂದ ಬಂದು ‘ಈ ಮಗು ಶಾಲೆಗೆ ಹೋಗುತ್ತಿದೆಯೇ?’ ಎಂದು ಕೇಳುವವರು ಒಬ್ಬರೂ ಇರಲಿಲ್ಲ.

ಆ ಕಾಲದಲ್ಲಿ ಕಾನೂನು ಇರಲಿಲ್ಲವೆಂದಲ್ಲ. ನಮ್ಮ ರಾಜ್ಯದಲ್ಲಿ 1964ರಲ್ಲೇ ಮಕ್ಕಳ ಕಾಯ್ದೆಯೊಂದು ಬಂದಿತ್ತು. ಆದರೆ ಅಂದಿನ ಸರಕಾರದ ಕಣ್ಣಿಗೆ ಬೀಳುತ್ತಿದ್ದುದು ಮುಖ್ಯವಾಗಿ ಬೀದಿಯಲ್ಲಿ ಸಿಕ್ಕ ಮಗು, ಅದಕ್ಕಿದ್ದ ಉತ್ತರ ಬಾಲಮಂದಿರ. ಮುಂದೆ 1986ರಲ್ಲಿ ದೇಶದ ಬಹುಭಾಗಕ್ಕೆ ಅನ್ವಯಿಸುವ ಬಾಲನ್ಯಾಯ ಕಾಯ್ದೆ ಬಂದಿತು. 1992ರಲ್ಲಿ ಭಾರತವು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಬಳಿಕ 2000ದಲ್ಲಿ ಹೊಸ ಕಾಯ್ದೆ, 2015ರಲ್ಲಿ ಮತ್ತೊಂದು. ಈ ಕೊನೆಯ ಕಾಯ್ದೆಯ ಮೂಲತತ್ತ್ವಗಳಲ್ಲೊಂದು ನಾವೆಲ್ಲ ನೆನಪಿಡತಕ್ಕದ್ದು: ಮಗುವನ್ನು ಸಂಸ್ಥೆಯಲ್ಲಿಡುವುದು ಕಟ್ಟಕಡೆಯ ಉಪಾಯವಾಗಬೇಕೇ ಹೊರತು ಮೊದಲನೆಯದಾಗಕೂಡದು.

ಹಾಗಾದರೆ ಮೊದಲನೆಯ ಉಪಾಯ ಯಾವುದು? ಇಲ್ಲಿ ಮೂರು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ದತ್ತು ಎಂದರೆ ಮಗು ಶಾಶ್ವತವಾಗಿ ಇನ್ನೊಂದು ಮನೆಯದಾಗುವುದು. ಪೋಷಕತ್ವವೆಂದರೆ ಸಂಬಂಧವಿಲ್ಲದ ಕುಟುಂಬವೊಂದು ಮಗುವನ್ನು ಒಂದಷ್ಟು ಕಾಲ ಸಾಕುವುದು. ಹೆತ್ತವರ ನಂಟು ಅಳಿಯುವುದಿಲ್ಲ. ದೇವಕಿಯ ಮಗ ನಂದಗೋಕುಲದಲ್ಲಿ ಬೆಳೆದು ಮಥುರೆಗೆ ಮರಳಿದನಷ್ಟೆ, ಅಂಥದು. ಪ್ರಾಯೋಜಕತ್ವವೆಂದರೆ ಮಗು ತನ್ನವರ ಬಳಿಯೇ ಉಳಿಯಲೆಂದು ಸರಕಾರ ಆ ಮನೆಗೆ ಹಣದ ನೆರವು ಕೊಡುವುದು. ಗಂಡನನ್ನು ಕಳೆದುಕೊಂಡ ತಾಯಿ, ಅನಾಥ ಮಗುವನ್ನು ಸಾಕುತ್ತಿರುವ ಬಂಧುಗಳು, ಪ್ರಾಣಾಂತಿಕ ಕಾಯಿಲೆಗೆ ತುತ್ತಾದ ತಂದೆತಾಯಿ, ಇಂಥವರಿಗೆ ಇದು ಸಲ್ಲುತ್ತದೆ. ‘ಮಿಷನ್ ವಾತ್ಸಲ್ಯ’ ಯೋಜನೆಯಡಿ ಈ ನೆರವು ಮಗುವೊಂದಕ್ಕೆ ತಿಂಗಳಿಗೆ 4000 ರೂಪಾಯಿ. ಹಳ್ಳಿಯ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ಬಡತನವೊಂದೇ ಕಾರಣಕ್ಕೆ ಮಗು ಮನೆ ಬಿಡಬಾರದೆಂಬುದು ಇದರ ಆಶಯ.

ಪೋಷಕತ್ವವನ್ನು ನಿರ್ಧರಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅದರಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಸಾಕಲು ಮುಂದೆ ಬಂದ ಕುಟುಂಬದ ಶಕ್ತಿ, ಉದ್ದೇಶ, ಅನುಭವಗಳನ್ನು ಮೊದಲು ಪರಿಶೀಲಿಸಬೇಕು. ಒಡಹುಟ್ಟಿದವರನ್ನು ಆದಷ್ಟೂ ಒಂದೇ ಮನೆಯಲ್ಲಿರಿಸಬೇಕು. ಮಗುವಿನ ಊಟ, ಆರೋಗ್ಯ, ವಿದ್ಯೆ ಮೂರಕ್ಕೂ ಆ ಮನೆಯೇ ಹೊಣೆ. ಸಮಿತಿಯು ಪ್ರತಿ ತಿಂಗಳೂ ಮಗುವಿನ ಕ್ಷೇಮವನ್ನು ಪರೀಕ್ಷಿಸಬೇಕು. ಲೋಪ ಕಂಡರೆ ಮಗುವನ್ನು ಅಲ್ಲಿಂದ ಬಿಡಿಸಿ ಬೇರೆಡೆಗೆ ಕಳಿಸಬೇಕು. 2024ರ ಪರಿಷ್ಕೃತ ಮಾರ್ಗಸೂಚಿಯ ಮೇರೆಗೆ ದಂಪತಿಗಳಲ್ಲದೆ ಅವಿವಾಹಿತರೂ ವಿಧವೆಯರೂ ವಿಚ್ಛೇದಿತರೂ ಪೋಷಕರಾಗಬಹುದು. ಹಿಂದೆ ಐದು ವರ್ಷ ಸಾಕಿದ ಬಳಿಕ ಸಾಧ್ಯವಿದ್ದ ದತ್ತು ಈಗ ಎರಡು ವರ್ಷದ ಬಳಿಕವೇ ಸಾಧ್ಯ.

ತಿಂಗಳ ತಪಾಸಣೆಯೆಂದರೆ ಸರಕಾರಿ ಕಾಟವೆಂದು ಕೆಲವರು ಮೂಗು ಮುರಿಯಬಹುದು. ಅವರಿಗೆ ಇಂಗ್ಲೆಂಡಿನ ಒಂದು ಕಥೆ ಹೇಳುತ್ತೇನೆ. 1945ರ ಜನವರಿಯಲ್ಲಿ ಡೆನಿಸ್ ಓನೀಲ್ ಎಂಬ ಹನ್ನೆರಡು ವರ್ಷದ ಹುಡುಗ ಶ್ರಾಪ್‌ಶೈರಿನ ಒಂದು ಹೊಲಮನೆಯಲ್ಲಿ ಹಸಿವಿನಿಂದಲೂ ಏಟುಗಳಿಂದಲೂ ಸತ್ತ. ಅವನನ್ನು ಅಲ್ಲಿಗೆ ಸಾಕಲು ಕೊಟ್ಟದ್ದು ಸ್ಥಳೀಯ ಆಡಳಿತವೇ. ಆದರೆ ಹೋಗಿ ನೋಡಬೇಕಾದವರು ಸಕಾಲಕ್ಕೆ ನೋಡಲಿಲ್ಲ. ದೇಶವೇ ತಲ್ಲಣಿಸಿತು. 1946ರಲ್ಲಿ ಕರ್ಟಿಸ್ ಸಮಿತಿಯ ವರದಿ, 1948ರಲ್ಲಿ ಹೊಸ ಮಕ್ಕಳ ಕಾಯ್ದೆ ಬಂದವು. ಅಗಾಥಾ ಕ್ರಿಸ್ಟಿಯ ‘ಮೌಸ್‌ಟ್ರ್ಯಾಪ್’ ನಾಟಕದ ಹಿನ್ನೆಲೆಯಲ್ಲಿರುವುದು ಇದೇ ಪ್ರಕರಣ. ಅದು ಮೊದಲು 1947ರಲ್ಲಿ ರೇಡಿಯೋ ನಾಟಕವಾಗಿ ಪ್ರಸಾರವಾಯಿತು. ಸಾಕುವ ಮನೆಗೆ ಮಗುವನ್ನೊಪ್ಪಿಸಿ ಕಣ್ಣು ಮುಚ್ಚಿಕೊಳ್ಳುವುದಕ್ಕಿಂತ ದೊಡ್ಡ ಅಪರಾಧವಿಲ್ಲವೆಂಬ ಪಾಠವನ್ನು ಆ ದೇಶ ಒಬ್ಬ ಹುಡುಗನ ಪ್ರಾಣವನ್ನು ತೆತ್ತು ಕಲಿಯಿತು.

ನಮ್ಮಲ್ಲಿಯ ತೊಡಕು ಬೇರೆ ಬಗೆಯದು. ಸಮಿತಿ ಇರುವುದು ಶಿವಮೊಗ್ಗದಲ್ಲಿ. ಈ ಮೂರು ಪೇಟೆಗಳಿಂದ ಅದು ಅರವತ್ತು ಎಪ್ಪತ್ತು ಕಿಲೋಮೀಟರ್ ದೂರ. ಒಳಹಳ್ಳಿಗಳಿಂದ ಇನ್ನೂ ದೂರ. ಆಷಾಢದ ಮಳೆಯಲ್ಲಿ ಹಳ್ಳ ಏರಿದಾಗ ಯಾವ ಅಧಿಕಾರಿ ಬಂದಾನು? ಆದಕಾರಣ ಕಣ್ಣು ಹಳ್ಳಿಯಲ್ಲೇ ಇರಬೇಕು. ಗ್ರಾಮದ ಮಕ್ಕಳ ರಕ್ಷಣಾ ಸಮಿತಿ, ಅಂಗನವಾಡಿ ಕಾರ್ಯಕರ್ತೆ, ಆಶಾ, ಶಾಲೆಯ ಉಪಾಧ್ಯಾಯರು ಜಾಗೃತರಾಗಿದ್ದರೆ ಮಾತ್ರ ಕಾಯ್ದೆಗೆ ಜೀವ. ಸಂಕಟದಲ್ಲಿರುವ ಮಗುವಿಗಾಗಿ 1098ಕ್ಕೆ ಯಾರು ಬೇಕಾದರೂ ದೂರವಾಣಿ ಮಾಡಬಹುದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಜೀವಗಳನ್ನು ಕೊಂಡೊಯ್ದಿತು. 2020ರಲ್ಲಿ ಕೋವಿಡ್ ಬಂದಿತು. ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ನಮ್ಮ ರಾಜ್ಯ ಬಾಲಸೇವಾ ಯೋಜನೆಯಲ್ಲಿ ತಿಂಗಳಿಗೆ 3500 ರೂಪಾಯಿ ಗೊತ್ತುಪಡಿಸಿತು. ರೋಗ ಯಾವುದಾದರೇನು, ಮಗುವಿನ ಪಾಲಿಗೆ ಮನೆ ಬರಿದಾಗುವುದು ಒಂದೇ ರೀತಿ. ಎಲ್ಲರನ್ನೂ ಸಮನಾಗಿ ಕಾಣುವ ಪ್ರಾಯೋಜಕತ್ವವೇ ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ.

ಅಕ್ಕನ ಮಾತಿನೊಂದಿಗೆ ಮುಗಿಸುತ್ತೇನೆ. ಅವಳೀಗ ಅಜ್ಜಿ. ಮಗಳೂ ಅಳಿಯನೂ ತೀರಿಕೊಂಡ ಮೇಲೆ ಮೊಮ್ಮಗನನ್ನು ಸಾಕುತ್ತಿದ್ದಾಳೆ. ಹಿಂದಿನ ವರ್ಷ ಪ್ರಾಯೋಜಕತ್ವದ ಅರ್ಜಿ ಹಿಡಿದು ಸಾಗರಕ್ಕೆ ಬಂದಳು, ತುಂಬಿಕೊಡಲು ಕುಳಿತೆ. ನೆರವು ನಿಲ್ಲದಿರಬೇಕಾದರೆ ಹುಡುಗ ತಪ್ಪದೆ ಶಾಲೆಗೆ ಹೋಗುತ್ತಿರಬೇಕೆಂದು ವಿವರಿಸಿದೆ. ಅವಳು ಕೇಳಿದಳು:

‘ಹೋಗ್ತಾನೋ ಇಲ್ಲವೋ ಅಂತ ನೋಡೋದಕ್ಕೆ ಯಾರಾದರೂ ಬರ್ತಾರಾ ತಮ್ಮಾ?’

‘ಬರಬೇಕು ಅಂತ ಇದೆ ಅಕ್ಕಾ.’

‘ಬರಲಿ,’ ಎಂದಳು. ಸ್ವಲ್ಪ ತಡೆದು, ‘ಬಂದರೆ ಒಳ್ಳೇದು,’ ಎಂದಳು.

ಅವಳ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ತಲೆ ತಗ್ಗಿಸಿ ಅರ್ಜಿಯ ಮುಂದಿನ ಕಲಮನ್ನು ತುಂಬತೊಡಗಿದೆ.