ಬೀಳಗಿಯ ಅಮೀರಬಾಯಿ ಕರ್ನಾಟಕಿ

ಹಿಂದಿನ ವರ್ಷ ಪಾಲಕರೊಬ್ಬರು ನನ್ನ ಕೋಣೆಗೆ ಬಂದು, ಸಂಗೀತದ ತರಗತಿಯಿಂದ ತಮ್ಮ ಮಗಳ ಹೆಸರನ್ನು ತೆಗೆಯಬೇಕೆಂದು ಕೇಳಿಕೊಂಡರು. ಮಗಳಿಗೆ ಕಂಠವಿತ್ತು, ಓದಿನಲ್ಲಿಯೂ ಹಿಂದೆ ಬಿದ್ದಿರಲಿಲ್ಲ. ಕಾರಣವೇನೆಂದು ಕೇಳಲು, "ಹಾಡುವವರ ಗತಿ ಏನಾಗುತ್ತದೆಂಬುದು ನಮಗೆ ಗೊತ್ತಿದೆ, ಬಾಯಿಯವರೇ" ಎಂದರು. ಆಗ ನಾನು ಅವರಿಗೆ ನಮ್ಮ ನೆರೆಯ ಬೀಳಗಿಯ ಹೆಣ್ಣುಮಗಳೊಬ್ಬಳ ಸಂಗತಿಯನ್ನು ಹೇಳಿದೆನು. ಅದನ್ನೇ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡುತ್ತಿದ್ದೇನೆ.

ಅಮೀರಬಾಯಿಯವರು ಬೀಳಗಿಯಲ್ಲಿ, ಹಲವು ಜನ ಅಕ್ಕತಂಗಿಯರ ನಡುವೆ ಹುಟ್ಟಿದರು. ಅಕ್ಕ ಗೋಹರಬಾಯಿಯವರೂ ಗಾಯಕಿ ಮತ್ತು ನಟಿ. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದಲೇ ಕೀರ್ತಿ ಪಡೆದ ಬಾಲಗಂಧರ್ವರ ಮಂಡಳಿಯನ್ನು ಅವರು ಸೇರಿ, 1951ರಲ್ಲಿ ಅವರನ್ನೇ ವಿವಾಹವಾದರು. ತಂಗಿಯಾದರೋ ಮ್ಯಾಟ್ರಿಕ್ಕಿನವರೆಗೆ ಓದಿ, ಇನ್ನೂ ಎಳೆಯ ವಯಸ್ಸಿನಲ್ಲಿಯೇ ಮುಂಬಯಿಗೆ ಹೋದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಮ್ಯಾಟ್ರಿಕ್ ಎಂಬುದು ಸಣ್ಣ ಮಾತಲ್ಲ. ಶಿಕ್ಷಕಿಯಾದ ನಾನು ಈ ಸಂಗತಿಯ ಮೇಲೆ ತುಸು ಹೆಚ್ಚಾಗಿಯೇ ನಿಲ್ಲುವೆನು, ಓದುಗರು ಕ್ಷಮಿಸಬೇಕು.

1934ರ ‘ವಿಷ್ಣುಭಕ್ತಿ’ ಎಂಬ ಬೋಲಪಟದಿಂದ ಅವರ ನಟನೆ ಆರಂಭವಾಯಿತು. ಆಗ ನಟಿಯಾಗಬೇಕಾದರೆ ಹಾಡಲು ಬರಲೇಬೇಕಿತ್ತು. ಯಂತ್ರದ ಮುಂದೆ ನಿಂತು ಅಭಿನಯಿಸುತ್ತಲೇ ಹಾಡಬೇಕು. ವಾದ್ಯದವರು ಚಿತ್ರದಲ್ಲಿ ಕಾಣದಂತೆ ಮರೆಯಲ್ಲಿ ಕುಳಿತು ನುಡಿಸಬೇಕು. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸ್‌ನವರು ‘ಧೂಪ್ ಛಾಂವ್’ ಚಿತ್ರದಲ್ಲಿ ಹೊಸ ಕ್ರಮವೊಂದನ್ನು ತಂದರು. ಹಾಡನ್ನು ಮೊದಲೇ ಮುದ್ರಿಸಿಕೊಂಡು, ಆ ಮೇಲೆ ಅದಕ್ಕೆ ಸರಿಯಾಗಿ ನಟಿಯು ತುಟಿಯಾಡಿಸುವದು. ಇದರಿಂದ ಮುಖವು ಒಬ್ಬಳದು, ಧ್ವನಿಯು ಇನ್ನೊಬ್ಬಳದು ಆಗುವದು ಸಾಧ್ಯವಾಯಿತು.

ಅಮೀರಬಾಯಿಯವರ ಭಾಗ್ಯ ತೆರೆದದ್ದು ಈ ಬಾಗಿಲಿನಿಂದಲೇ. 1943ರಲ್ಲಿ ಬಾಂಬೆ ಟಾಕೀಜಿನವರ ‘ಕಿಸ್ಮತ್’ ಬಂದಿತು. ತೆರೆಯ ಮೇಲೆ ಕಂಡವರು ಮುಮ್ತಾಜ್ ಶಾಂತಿ; ಕೇಳಿಸಿದ ಕಂಠ ನಮ್ಮ ಬೀಳಗಿಯದು. ಅನಿಲ ವಿಶ್ವಾಸರು ಸ್ವರ ಕೂಡಿಸಿದ ಆ ಹಾಡುಗಳಲ್ಲಿ, ಪರಕೀಯರು ದೂರ ಸರಿಯಬೇಕೆಂದು ಹೇಳುವ ಪ್ರದೀಪ ಕವಿಗಳ ರಚನೆಯೂ ಒಂದು. ಹಾಡಿನಲ್ಲಿ ಹೆಸರಿಸಿದ್ದು ಜರ್ಮನ್ನರನ್ನೂ ಜಪಾನೀಯರನ್ನೂ. ಜನರು ತಿಳಿದುಕೊಂಡದ್ದು ಬೇರೆಯವರನ್ನು. ಚಲೇಜಾವ್ ಚಳವಳಿ ನಡೆದ ಮರುವರ್ಷ ಅದು! ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರವು ಮೂರು ವರ್ಷಗಳಿಗೂ ಮಿಕ್ಕಿ ನಡೆಯಿತು.

ಆದರೆ ಧ್ವನಿಯನ್ನು ಕೊಟ್ಟವರಿಗೆ ಹೆಸರು ಸುಲಭವಾಗಿ ದೊರೆಯುತ್ತಿರಲಿಲ್ಲ. ಎಷ್ಟೋ ಗ್ರಾಮೋಫೋನ್ ತಟ್ಟೆಗಳ ಮೇಲೆ ಹಾಡಿದವಳ ಹೆಸರಿಗೆ ಬದಲಾಗಿ ಪಾತ್ರದ ಹೆಸರೇ ಅಚ್ಚಾಗುತ್ತಿತ್ತು. 1949ರ ‘ಮಹಲ್’ ಚಿತ್ರದಲ್ಲಿ ಲತಾ ಮಂಗೇಶ್ಕರರು ಹಾಡಿದ ಹಾಡಿನ ತಟ್ಟೆಯ ಮೇಲೂ ಮೊದಲು ‘ಕಾಮಿನಿ’ ಎಂದೇ ಇತ್ತು. ಹೀಗಿರುವಾಗ ಈಕೆ ತಮ್ಮ ಹೆಸರಿನೊಂದಿಗೆ ‘ಕರ್ನಾಟಕಿ’ ಎಂಬುದನ್ನು ಬಿಡದೆ ಇಟ್ಟುಕೊಂಡದ್ದು ವಿಚಾರ ಮಾಡತಕ್ಕ ಸಂಗತಿ. ಆಗ ಕರ್ನಾಟಕವೆಂಬ ಪ್ರಾಂತವೇ ಇರಲಿಲ್ಲ. ವಿಜಾಪುರ ಜಿಲ್ಲೆ ಮುಂಬಯಿ ಇಲಾಖೆಯಲ್ಲಿ, ಜಮಖಂಡಿ ಮುಧೋಳಗಳು ಸಂಸ್ಥಾನಿಕರ ಕೈಯಲ್ಲಿ ಇದ್ದವು. ಕನ್ನಡ ನಾಡು ಒಂದಾದದ್ದು 1956ರಲ್ಲಿ. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ.

ಮುಂದಿನ ವರ್ಷ ಬಂದ ‘ರತನ್’ ಚಿತ್ರದಲ್ಲಿ ನೌಶಾದರಿಗಾಗಿ ಹಾಡಿದರು. ಗುಜರಾತಿಯ ‘ರಾಣಕದೇವಿ’ಯಲ್ಲಿ (1946) ಅವರು ಹಾಡಿದ, ತನ್ನ ಹಳ್ಳಿಗೊಮ್ಮೆ ಬಾರೆಂದು ಕರೆಯುವ ಹಾಡು ಆ ಜನರ ಮನೆಮಾತಾಯಿತು. 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶಕಿಯಾದರು. ಹೆಂಗಸರು ಹಾಡಬಹುದು, ಆದರೆ ವಾದ್ಯವೃಂದಕ್ಕೆ ಅಪ್ಪಣೆ ಕೊಡಲಾಗದೆಂದು ತಿಳಿಯುತ್ತಿದ್ದ ಕಾಲವದು. ನನ್ನ ಅಭಿಪ್ರಾಯದಲ್ಲಿ ಅವರ ಎಲ್ಲ ಕಾರ್ಯಗಳಲ್ಲಿ ಇದೇ ಹೆಚ್ಚು ಧೈರ್ಯದ್ದು.

ಸುಖವೊಂದನ್ನೇ ಹೇಳಿದರೆ ಆ ಪಾಲಕರಿಗೆ ಮೋಸ ಮಾಡಿದಂತಾಗುತ್ತಿತ್ತು. ಅಮೀರಬಾಯಿಯವರ ಮೊದಲ ವಿವಾಹವು ಬಹಳ ದುಃಖದ್ದಾಗಿ, ವಿಚ್ಛೇದನದಲ್ಲಿ ಮುಗಿಯಿತು. ಆ ಕಷ್ಟವನ್ನು ತಂದದ್ದು ಹಾಡಲ್ಲ, ಮನುಷ್ಯನ ನಡತೆ. ಹಾಡದ ಮನೆಗಳಲ್ಲಿಯೂ ಅಂಥ ದುಃಖವನ್ನು ನಾನು ಕಂಡಿದ್ದೇನೆ. ಗಳಿಕೆಯೂ ವಿದ್ಯೆಯೂ ಕೈಯಲ್ಲಿದ್ದುದರಿಂದ ಅವರು ಮತ್ತೆ ಎದ್ದು ನಿಂತರು; ಮುಂದೆ ಪತ್ರಿಕೆಯವರಾದ ಬದ್ರಿ ಕಾಂಚವಾಲಾ ಅವರನ್ನು ವರಿಸಿದರು. ಲತಾ ಮಂಗೇಶ್ಕರರ ಹೊಸ ಕಂಠವು ಕೇಳತೊಡಗಿದ ಮೇಲೆ ಹಾಡುವ ಕರೆಗಳು ಕಡಿಮೆಯಾದವು. ಆಗ ಅವರು ಕೊರಗುತ್ತ ಕೂಡ್ರಲಿಲ್ಲ. ಪೋಷಕ ಪಾತ್ರಗಳ ನಟನೆಗೆ ತಿರುಗಿದರು.

1965ರ ಮಾರ್ಚ್ 3ರಂದು ಪಾರ್ಶ್ವವಾಯುವಿನಿಂದ ತೀರಿಕೊಂಡರು. ದೇಹವನ್ನು ವಿಜಾಪುರದ ಮಣ್ಣಿನಲ್ಲಿಯೇ ಇಟ್ಟರು. ಆ ಊರಲ್ಲಿ ಅವರ ಮನೆತನದವರು ನಡೆಸಿದ ಚಿತ್ರಮಂದಿರಕ್ಕೆ ಅಮೀರ್ ಟಾಕೀಜ್ ಎಂದೇ ಹೆಸರು.

ಇಷ್ಟನ್ನು ಕೇಳಿದ ಆ ಪಾಲಕರು ಬಹಳ ಹೊತ್ತು ಸುಮ್ಮನಿದ್ದು, ‘ಕಿಸ್ಮತ್’ನ ಹಾಡುಗಳನ್ನು ತಮ್ಮ ತಾಯಿಯವರು ರೊಟ್ಟಿ ಬಡಿಯುವಾಗ ಗುಣುಗುಣಿಸುತ್ತಿದ್ದರೆಂದೂ, ಹಾಡಿದವರು ಬೀಳಗಿಯವರೆಂಬುದು ತಮಗೆ ತಿಳಿದಿರಲಿಲ್ಲವೆಂದೂ ಹೇಳಿದರು. ಹೆಸರು ತೆಗೆಯುವ ಅರ್ಜಿಯು ನನ್ನ ಮೇಜಿನ ಮೇಲೆಯೇ ಉಳಿಯಿತು. ಅವರು ಅದಕ್ಕೆ ಸಹಿ ಹಾಕಿರಲಿಲ್ಲ.