ಎಂಜಿನ್ನೂ ಉಸಿರು ಬಿಡಬೇಕು

ನಮ್ಮ ಹತ್ತರಗಿಯಿಂದ ಬೆಳಗಾವಿಗೆ ಹೊರಟರೆ ದಾರಿಯಲ್ಲಿ ವಂಟಮೂರಿ ಘಾಟ್ ಏರಬೇಕು. ಹೋದ ವರ್ಷ ಶ್ರಾವಣದಲ್ಲಿ ನನ್ನ ಹೆಂಡತಿಯ ಕಣ್ಣು ತೋರಿಸಲು ಹೊರಟಿದ್ದೆವು. ಕಾರು ನನ್ನ ತಮ್ಮನ ಮಗನದು. ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ನಿನ ಆ ಕಾರನ್ನು ಅವನು ಮೂರು ತಿಂಗಳ ಹಿಂದೆ ಬೇರೊಬ್ಬರಿಂದ ಕೊಂಡಿದ್ದ. ಆರನೇ ಇಯತ್ತೆ ಓದುವ ಮೊಮ್ಮಗ ಮುಂದಿನ ಸೀಟಿನಲ್ಲಿದ್ದ. ಘಾಟ್ ಅರ್ಧ ಏರಿರಬೇಕು, ಅವನು ಕೂಗಿದ: “ಅಜ್ಜಾ, ಹೊಗಿ! ಮುಂದ ಹೊಗಿ ಬರಾಕತ್ತೈತಿ!”

ಗಾಡಿ ಬದಿಗೆ ನಿಲ್ಲಿಸಿ, ಎಲ್ಲರೂ ಇಳಿದು ದೂರ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ತಮ್ಮನ ಮಗ ಬಾನೆಟ್ ಎತ್ತಿದ. ಎಣ್ಣೆ ಎಷ್ಟಿದೆ ಎಂದು ನೋಡುವ ಕಡ್ಡಿ ಇರುತ್ತದಲ್ಲ, ಅದು ತನ್ನ ತೂತಿನಿಂದ ತಾನೇ ಮೇಲೆದ್ದು ಬಂದಿತ್ತು. ಅಲ್ಲಿಂದ ಚಿಮ್ಮಿದ ಎಣ್ಣೆ ಕೆಂಡದಂತೆ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಹೊಗೆಯಾಗುತ್ತಿತ್ತು. ಬೆಂಕಿ ಹೊತ್ತಿಕೊಳ್ಳಲಿಲ್ಲ ಎನ್ನುವುದು ನಮ್ಮ ಪುಣ್ಯ.

“ಕಡ್ಡಿ ಯಾರೂ ಮುಟ್ಟಿಲ್ಲಲ್ಲ, ಮ್ಯಾಲ ಹೆಂಗ ಬಂತು ಅಜ್ಜಾ?” ಎಂದ ಮೊಮ್ಮಗ.

ಮಕ್ಕಳೇ, ನಾನು ಬಿಕಾಂ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸವೆದವನು. ಎಂಜಿನ್ನಿನ ಶಾಸ್ತ್ರ ನನ್ನದಲ್ಲ. ಆದರೆ ಆ ಕಡ್ಡಿಯನ್ನು ನೋಡಿದೊಡನೆ ಅರವತ್ತು ವರ್ಷದ ಹಿಂದಿನ ಒಂದು ಪೆಟ್ಟು ನೆನಪಾಗಿ ಬೆನ್ನು ಚುರ್ರೆಂದಿತು.

ಆಗ ನನಗೆ ಹತ್ತು ವರ್ಷ. ನಮ್ಮ ಹಿಟ್ಟಿನ ಗಿರಣಿ ನಡೆಯುತ್ತಿದ್ದುದು ಡೀಸೆಲ್ ಎಂಜಿನ್ನಿನಿಂದ. ನಮ್ಮ ಸೀಮೆಗೆ ಎಂಜಿನ್ನು ಹೊಸತೇನಲ್ಲ. ಹೊಲಕ್ಕೂ ಗಿರಣಿಗೂ ಎಂಜಿನ್ ಕೊಟ್ಟ ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾಯರು ಹುಟ್ಟಿದ್ದು ನಮ್ಮ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು ಮುಂದೆ ನೇಗಿಲು ಮಾಡಿದರು. 1946ರಲ್ಲಿ ಪುಣೆಯಲ್ಲಿ ಆ ಮನೆತನದ ಆಯಿಲ್ ಎಂಜಿನ್ ಕಾರ್ಖಾನೆ ಶುರುವಾಯಿತು. ಇರಲಿ, ನನ್ನ ಕಥೆಗೆ ಬರುತ್ತೇನೆ. ಗಿರಣಿಯ ಎಂಜಿನ್ನಿನ ಹೊಟ್ಟೆಯ ಪಕ್ಕದಲ್ಲಿ ಒಂದು ಗಿಡ್ಡ ಕೊಳವೆ ಇತ್ತು. ಅದರೊಳಗೆ ತೆಳು ತಗಡೊಂದು ಟಿಕ್ ಟಿಕ್ ಎಂದು ಕುಣಿಯುತ್ತ ಸಣ್ಣಗೆ ಹೊಗೆ ಉಗುಳುತ್ತಿತ್ತು. ಜೋಳ ಬೀಸಿಸಲು ಹೋದ ನಾನು ಮತ್ತು ನನ್ನ ಗೆಳೆಯ ಆ ಬಾಯಿಗೆ ಚಿಂದಿ ಬಟ್ಟೆ ತುರುಕಿದೆವು. ಟಿಕ್ ಟಿಕ್ ನಿಂತಿತು, ನಮಗೆ ಖುಷಿ. ಸ್ವಲ್ಪ ಹೊತ್ತಿಗೆ ದೊಡ್ಡ ಗಾಲಿಯ ಬುಡದಿಂದ ಎಣ್ಣೆ ಸುರಿಯತೊಡಗಿತು. ಗಿರಣಿಯವರು ಬಟ್ಟೆ ಕಿತ್ತಾಗ ಬುಸ್ಸೆಂದು ಗಾಳಿ ಬಂತು. ನನ್ನ ಬೆನ್ನಿಗೆ ಒಂದು ಬಿಗಿದು ಅವರು ಕೇಳಿದ್ದು ಇಷ್ಟೇ: “ನಿನ್ನ ಮೂಗು ಬಾಯಿ ಮುಚ್ಚಿದರ ಸುಮ್ಮನಿರ್ತಿಯೇನಲೇ?”

ಆ ಕೊಳವೆಯೇ ಬ್ರೀದರ್. ಕಾರಿನ ಎಂಜಿನ್ನಿನಲ್ಲೂ ಅದು ಇದೆ, ಮೇಲೆ ಕಾಣುವುದಿಲ್ಲ ಅಷ್ಟೆ.

ಎಂಜಿನ್ನಿನ ಸಿಲಿಂಡರ್ ಎಂದರೆ ಒಂದು ಕಬ್ಬಿಣದ ಲೋಟ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿನ ಸುತ್ತ ಬಳೆಯಂಥ ರಿಂಗುಗಳಿವೆ. ಮೇಲೆ ಪೆಟ್ರೋಲ್ ಉರಿದಾಗ ಹುಟ್ಟುವ ಗಾಳಿ ಕೆಳಗೆ ನುಸುಳದಂತೆ ತಡೆಯುವುದು ಅವುಗಳ ಕೆಲಸ. ಆದರೆ ಪೂರ್ತಿ ತಡೆಯಲು ಯಾವ ಬಳೆಗೂ ಆಗದು. ಒಂದು ಲೆಕ್ಕ ಮಾಡೋಣ. ಒಂದು ಲೀಟರಿನ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಒಂದು ಲೀಟರು ಗಾಳಿ ಎಳೆಯುತ್ತದೆ. ನಿಮಿಷಕ್ಕೆ 3000 ಸುತ್ತಾದರೆ 1500 ಲೀಟರು. ಇದರಲ್ಲಿ ನೂರಕ್ಕೆ ಒಂದು ಪಾಲು ಜಾರಿತು ಅಂದುಕೊಂಡರೂ ನಿಮಿಷಕ್ಕೆ 15 ಲೀಟರು, ಅಂದರೆ ಹೆಚ್ಚು ಕಡಿಮೆ ಒಂದು ಕೊಡ. ಟರ್ಬೊ ಇದ್ದರೆ ಗಾಳಿಯನ್ನು ಒತ್ತಿ ತುಂಬುವುದರಿಂದ ಇನ್ನೂ ಹೆಚ್ಚು. ಹೀಗೆ ಜಾರಿದ್ದೆಲ್ಲ ಕೆಳಗೆ ಎಣ್ಣೆ ಇರುವ ಹೊಟ್ಟೆಗೆ, ಅಂದರೆ ಕ್ರ್ಯಾಂಕ್‌ಕೇಸಿಗೆ ಸೇರುತ್ತದೆ. ಅದಕ್ಕೆ ಹೊರಹೋಗುವ ದಾರಿ ಬೇಡವೆ? ಹಳೆಯ ಮಣ್ಣಿನ ಮನೆಯಲ್ಲಿ ಒಲೆಯ ಹೊಗೆಗೆ ಬೆಳಕಿಂಡಿ ಬಿಡುತ್ತಿರಲಿಲ್ಲವೆ, ಹಾಗೆ.

ಹಿಂದೆ ಕಾರುಗಳಲ್ಲಿ ಈ ಹೊಗೆಯನ್ನು ಕೊಳವೆಯಿಂದ ನೇರ ರಸ್ತೆಗೆ ಬಿಡುತ್ತಿದ್ದರು. ಅದರಲ್ಲಿ ಉರಿಯದ ಪೆಟ್ರೋಲೂ ವಿಷಗಾಳಿಯೂ ಇರುತ್ತವೆ. ಅಮೆರಿಕದ ಲಾಸ್ ಏಂಜಲೀಸ್ ನಗರ ಹೊಗೆಮಂಜಿನಿಂದ ಕಣ್ಣುರಿದು ಒದ್ದಾಡಿದ ಮೇಲೆ, ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಆ ಹೊಗೆಯನ್ನು ಮತ್ತೆ ಎಂಜಿನ್ನಿಗೇ ಎಳೆಸಿ ಸುಡುವ ಪಿಸಿವಿ ವಾಲ್ವ್ ಬಂತು. ಈಗ ಎಲ್ಲ ಕಾರುಗಳಲ್ಲೂ ಇದೇ ಕ್ರಮ.

ಟರ್ಬೊ ಬಂದರೆ ಇಲ್ಲೊಂದು ತೊಡಕು. ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಮನೆ, ಅಂದರೆ ಮ್ಯಾನಿಫೋಲ್ಡ್, ಸದಾ ಹೀರುತ್ತಿರುತ್ತದೆ. ಹೊಟ್ಟೆಯ ಹೊಗೆಯನ್ನೂ ಹೀರಿಕೊಳ್ಳುತ್ತದೆ. ಟರ್ಬೊ ಎನ್ನುವುದು ಸೈಲೆನ್ಸರಿಗೆ ಹೋಗುವ ಬಿಸಿಗಾಳಿಯಿಂದ ತಿರುಗುವ ಪುಟ್ಟ ಫ್ಯಾನು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಈ ಫ್ಯಾನು ಘಾಟ್ ಏರುವಾಗ ಮ್ಯಾನಿಫೋಲ್ಡಿಗೆ ಗಾಳಿ ಒತ್ತುತ್ತದೆ. ಹೀರುತ್ತಿದ್ದ ಮನೆ ಈಗ ಊದುವ ಮನೆ! ಆ ಗಾಳಿ ಹಿಂದಕ್ಕೆ ಹೊಟ್ಟೆಗೆ ನುಗ್ಗದಂತೆ ದಾರಿಯಲ್ಲಿ ಒಂದು ಚೆಕ್ ವಾಲ್ವ್ ಇಟ್ಟಿರುತ್ತಾರೆ. ಬಾವಿಯ ಪಂಪಿನ ತುದಿಯಲ್ಲಿ ಫೂಟ್ ವಾಲ್ವ್ ಇರುತ್ತದಲ್ಲ, ನೀರು ಮೇಲೆ ಹೋಗಬಹುದು, ಕೆಳಗೆ ಬರಲಾಗದು. ಇದೂ ಅದೇ ಜಾತಿ. ಚೆಕ್ ವಾಲ್ವ್ ಮುಚ್ಚಿಕೊಂಡಾಗ ಹೊಗೆ ಇನ್ನೊಂದು ಕೊಳವೆಯಿಂದ ಟರ್ಬೊದ ಮುಂಬಾಗಿಲಿಗೆ, ಏರ್ ಫಿಲ್ಟರಿನ ಕಡೆಗೆ ಹೋಗುತ್ತದೆ. ಅಲ್ಲಿ ಸದಾ ತುಸು ಸೆಳೆತ ಇರುತ್ತದೆ.

ಘಾಟಿನಲ್ಲಿ ನಿಂತ ಕಾರಿಗೆ ಒಬ್ಬ ರಸ್ತೆಬದಿಯ ರಿಪೇರಿಯವನು ಬಂದ. ಅವನು ಬ್ರೀದರ್ ಕೊಳವೆ ಕಿತ್ತು, ಬೆಳೆಗೆ ಔಷಧ ಹೊಡೆಯುವ ಪಂಪಿನ ಪೈಪು ಸಿಕ್ಕಿಸಿ, ಅದರ ಬಾಯನ್ನು ಕೆಳಗೆ ಇಳಿಬಿಟ್ಟ. ಕಾರು ಓಡಿತು, ನಿಜ. ಆದರೆ ಕಾಕತಿ ದಾಟುವಷ್ಟರಲ್ಲಿ ಒಳಗೆಲ್ಲ ಸುಟ್ಟ ಎಣ್ಣೆಯ ವಾಸನೆ. ಹಿಂದೆ ಕುಳಿತ ನನ್ನ ಹೆಂಡತಿಗೆ ತಲೆ ತಿರುಗಿ ಎರಡು ಸಲ ವಾಂತಿಯಾಯಿತು. ಕಣ್ಣಿನ ಡಾಕ್ಟರ ಬಳಿ ಹೋಗುವ ಬದಲು ಮರದ ನೆರಳಿನಲ್ಲಿ ಗಂಟೆ ಹೊತ್ತು ಕುಳಿತೆವು. ಅವತ್ತು ನನಗೆ ನಿಜಕ್ಕೂ ಹೆದರಿಕೆಯಾಯಿತು. ಆ ಹೊಗೆ ಮುಚ್ಚಿದ ಕಿಟಕಿಯ ಕಾರಿನೊಳಗೆ ತುಂಬುವುದು ತಮಾಷೆಯಲ್ಲ.

ಬೆಳಗಾವಿಯ ಗ್ಯಾರೇಜಿನಲ್ಲಿ ಸಿಕ್ಕ ಮಿಸ್ತ್ರಿ ತಾಳ್ಮೆಯ ಮನುಷ್ಯ. ನನ್ನ ಮೊಮ್ಮಗನ ಹತ್ತಾರು ಪ್ರಶ್ನೆಗೂ ಬೇಸರಪಟ್ಟುಕೊಳ್ಳಲಿಲ್ಲ. ಮೊದಲು ಸಿಲಿಂಡರುಗಳ ಕಂಪ್ರೆಶನ್ ನೋಡಿದರು. “ಅಜ್ಜಾರ, ರಿಂಗ್ ಸವದಿದ್ದರ ಬ್ರೀದರ್ ಎಷ್ಟ ದೊಡ್ಡದು ಮಾಡಿದರೂ ದಂಡ. ಹೊಟ್ಟಿ ನೋವಿಗೆ ಮೂಗಿಗೆ ಔಷಧ ಹಾಕಿದಂಗ ಆಗ್ತೈತಿ,” ಎಂದರು. ರಿಂಗುಗಳು ಗಟ್ಟಿಯಾಗಿದ್ದವು.

ಆಮೇಲೆ ಅವರು ಮಾಡಿದ ಪರೀಕ್ಷೆ ಮೊಮ್ಮಗನಿಗೆ ಬಹಳ ಹಿಡಿಸಿತು. ತಿಳಿಯಾದ ಪ್ಲಾಸ್ಟಿಕ್ ಪೈಪನ್ನು ಇಂಗ್ಲಿಷ್ ಯು ಅಕ್ಷರದಂತೆ ಬಗ್ಗಿಸಿ, ಅದರಲ್ಲಿ ಬಣ್ಣದ ನೀರು ಹಾಕಿ, ಒಂದು ತುದಿಯನ್ನು ಎಣ್ಣೆ ಕಡ್ಡಿಯ ತೂತಿಗೆ ಸಿಕ್ಕಿಸಿದರು. ಸರಿಯಿರುವ ಎಂಜಿನ್ ನಿಂತಲ್ಲೇ ಓಡುವಾಗ ನೀರನ್ನು ತುಸು ತನ್ನ ಕಡೆ ಎಳೆದುಕೊಳ್ಳಬೇಕು. ನಮ್ಮದೂ ಎಳೆದುಕೊಂಡಿತು. ಗಾಡಿ ನಿಲ್ಲಿಸಿ, ಚೆಕ್ ವಾಲ್ವ್ ಬಿಚ್ಚಿ ಎರಡೂ ಕಡೆಯಿಂದ ಊದಿದರು. ಎರಡೂ ಕಡೆಯಿಂದ ಗಾಳಿ ಹೋಯಿತು! ಜಿಗಟು ಕಟ್ಟಿ ಅದು ತೆರೆದೇ ಉಳಿದಿತ್ತು. ಸಪಾಟು ರಸ್ತೆಯಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಘಾಟಿನಲ್ಲಿ ಟರ್ಬೊ ಊದಿದ್ದೆಲ್ಲ ನೇರ ಹೊಟ್ಟೆಗೆ. ಇನ್ನೊಂದು ಕೊಳವೆಯ ರಬ್ಬರೂ ಸೆಟೆದು ಒಳಗೆ ಅರ್ಧ ಮುಚ್ಚಿತ್ತು. ಅದರ ಮೇಲೆ, ಹಿಂದಿನ ಮಾಲೀಕ ಹೆಚ್ಚು ಶಕ್ತಿ ಬರಲೆಂದು ಕಂಪ್ಯೂಟರ್ ತಿದ್ದಿಸಿ ಟರ್ಬೊದ ಒತ್ತಡ ಏರಿಸಿದ್ದನಂತೆ.

ಟರ್ಬೊಗೂ ಇದರಿಂದ ಕೇಡು. ಅದರ ಬೇರಿಂಗಿಗೆ ಬಂದ ಎಣ್ಣೆ ತನ್ನ ಭಾರದಿಂದಲೇ ಇಳಿದು ಹೊಟ್ಟೆಗೆ ಹೋಗಬೇಕು. ಹೊಟ್ಟೆ ಉಬ್ಬಿದ್ದರೆ ಎಣ್ಣೆ ಇಳಿಯುವುದೆಲ್ಲಿ? ಸೀಲು ದಾಟಿ ಗಾಳಿಯ ಕೊಳವೆಗೆ ಸೋರುತ್ತದೆ. ಎಷ್ಟೋ ಜನ ಇದನ್ನು ಕಂಡು ಟರ್ಬೊವೇ ಕೆಟ್ಟಿತೆಂದು ಸಾವಿರಾರು ರೂಪಾಯಿ ಸುರಿದು ಹೊಸದು ಹಾಕಿಸುತ್ತಾರೆ ಎಂದು ಮಿಸ್ತ್ರಿ ನಕ್ಕರು.

ಇಲ್ಲಿ ನಮ್ಮೊಳಗೆ ಜಗಳ ಹತ್ತಿತು. ತಮ್ಮನ ಮಗನಿಗೆ ಫಳಫಳ ಹೊಳೆಯುವ ಒಂದು ಡಬ್ಬಿ ಬೇಕಿತ್ತು. ಕ್ಯಾಚ್ ಕ್ಯಾನ್ ಅನ್ನುತ್ತಾರೆ. ಅದರ ನೆತ್ತಿಯ ಮೇಲೆ ಪುಟ್ಟ ಫಿಲ್ಟರು, ಹೊಗೆಯೆಲ್ಲ ಬಯಲಿಗೆ. “ರೇಸಿನ ಗಾಡಿಗೆ ಹಿಂಗ ಹಾಕ್ತಾರ ದೊಡ್ಡಪ್ಪಾ,” ಎಂದ. ನಾನು ಒಪ್ಪಲಿಲ್ಲ. “ನಿನ್ನ ದೊಡ್ಡವ್ವ ರೇಸಿಗೆ ಹೋಗೂದಿಲ್ಲ,” ಎಂದೆ. ಮಿಸ್ತ್ರಿಯೂ ನನ್ನ ಪಕ್ಷವೇ. ಅವರು ಕೊಟ್ಟ ಇನ್ನೊಂದು ಕಾರಣ ನನ್ನ ಗುಮಾಸ್ತಿಕೆಯ ಮನಸ್ಸಿಗೆ ನಾಟಿತು. ಅನೇಕ ಕಾರುಗಳಲ್ಲಿ ಫಿಲ್ಟರಿನ ಬಳಿ ಒಂದು ಸೆನ್ಸರ್ ಒಳಬರುವ ಗಾಳಿಯನ್ನು ಎಣಿಸಿ, ಅದಕ್ಕೆ ತಕ್ಕ ಪೆಟ್ರೋಲ್ ಬಿಡಿಸುತ್ತದೆ. ಹಳೆಯ ಕೊಳವೆ ಕಿತ್ತು ಅದರ ಜಾಗ ಸರಿಯಾಗಿ ಮುಚ್ಚದಿದ್ದರೆ ಎಣಿಕೆಗೆ ಸಿಗದ ಗಾಳಿ ಕಳ್ಳದಾರಿಯಿಂದ ಒಳಬರುತ್ತದೆ. ಕೌಂಟರಿನಲ್ಲಿ ಹತ್ತು ರೂಪಾಯಿ ಹೆಚ್ಚು ಬಂದದ್ದಕ್ಕೆ ರಾತ್ರಿ ಒಂಬತ್ತರವರೆಗೆ ಲೆಕ್ಕ ಹುಡುಕಿದವನು ನಾನು. ಲೆಕ್ಕಕ್ಕೆ ಸಿಗದ್ದು ಒಳಗೆ ಬರುವುದು ನನಗೆ ಸೇರದು.

ಕೊನೆಗೆ ಆದ ಕೆಲಸ ಇಷ್ಟು. ಹೊಸ ಚೆಕ್ ವಾಲ್ವ್. ಟರ್ಬೊದ ಕಡೆಗೆ ಹೋಗುವ ದಾರಿಯಲ್ಲಿ, ವಾಲ್ವ್ ಕವರಿನ ಮೇಲಿದ್ದ ಅರ್ಧ ಇಂಚಿನ ಫಿಟ್ಟಿಂಗ್ ತೆಗೆದು ಮುಕ್ಕಾಲು ಇಂಚಿನದು. ಕಾಲಿಂಚು ಹೆಚ್ಚಾದರೆ ಏನು ಮಹಾ ಎಂದು ಮೊಮ್ಮಗ ಕೇಳಿದ. ಕೊಳವೆಯ ಬಾಯಿ ಅಗಲದ ವರ್ಗದಂತೆ ಬೆಳೆಯುತ್ತದೆ: ಅಗಲ ಒಂದೂವರೆ ಪಟ್ಟು, ಬಾಯಿ ಎರಡೂಕಾಲು ಪಟ್ಟು. ಗುಣಿಸಿ ನೋಡಿ. ಕೊಳವೆಗೆ ಎಣ್ಣೆ ತಾಳುವ ರಬ್ಬರೇ ಬೇಕು. ಔಷಧದ ಪಂಪಿನ ಪೈಪು ಬಿಸಿ ಎಣ್ಣೆಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮಧ್ಯೆ ಒಂದು ಕ್ಯಾಚ್ ಕ್ಯಾನ್ ಬಂತು, ಆದರೆ ಬಾಯಿ ಮುಚ್ಚಿದ್ದು. ಹೊಗೆ ಅದರೊಳಗಿನ ತಡೆಗೋಡೆಗೂ ತಂತಿಜಾಳಿಗೂ ಬಡಿದು, ಎಣ್ಣೆ ಹನಿಗಳು ಕೆಳಗಿಳಿದು, ಉಳಿದ ಗಾಳಿ ಮತ್ತೆ ಟರ್ಬೊದ ಮುಂಬಾಗಿಲಿಗೇ ಹೋಗುತ್ತದೆ. ಮ್ಯಾನಿಫೋಲ್ಡಿನ ಕಡೆಯ ಸಣ್ಣ ತೂತನ್ನು ಮಾತ್ರ ಮಿಸ್ತ್ರಿ ಮುಟ್ಟಲಿಲ್ಲ. ಅದನ್ನು ಕಂಪನಿಯವರು ಬೇಕೆಂದೇ ಸಣ್ಣದು ಮಾಡಿರುತ್ತಾರೆ. ಡ್ರಿಲ್ ಹಾಕಿ ದೊಡ್ಡದು ಮಾಡಿದರೆ ಎಂಜಿನ್ ಎಣ್ಣೆಯನ್ನೇ ಕುಡಿಯತೊಡಗುತ್ತದೆ. ಕಂಪ್ಯೂಟರನ್ನೂ ಮೊದಲಿನ ಲೆಕ್ಕಕ್ಕೆ ತಂದರು. ನನ್ನನ್ನು ಕೇಳಿದರೆ, ಒತ್ತಡ ಇಳಿಸಿದ ಮೇಲೆ ಮುಕ್ಕಾಲು ಇಂಚಿನ ಫಿಟ್ಟಿಂಗೂ ಡಬ್ಬಿಯೂ ಬೇಕೇ ಇರಲಿಲ್ಲ, ಹೊಸ ವಾಲ್ವ್ ಮತ್ತು ಕೊಳವೆ ಸಾಕಿತ್ತು. ಹುಡುಗನ ಮನಸ್ಸು ಮುರಿಯಬಾರದೆಂದು ಸುಮ್ಮನಾದೆ.

ಯು ಪೈಪು ಮತ್ತೆ ಸಿಕ್ಕಿಸಿ, ಮಿಸ್ತ್ರಿ ಕಾರನ್ನು ಘಾಟಿಗೇ ತಂದರು. ಮೊಮ್ಮಗ ಹಿಂದಿನ ಸೀಟಿನಲ್ಲಿ ಪೈಪು ಹಿಡಿದು, ಏರು ಮುಗಿಯುವವರೆಗೆ ನೀರಿನ ಮೇಲಿಂದ ಕಣ್ಣು ಕದಲಿಸಲಿಲ್ಲ. ನೀರು ತುಸು ಅಲುಗಿತೇ ಹೊರತು ಅವನ ಕಡೆ ಏರಲಿಲ್ಲ.

ಆ ಡಬ್ಬಿಯನ್ನು ಆಗಾಗ ಬಸಿಯಬೇಕು. ಮರೆತರೆ ತುಂಬಿದ ಎಣ್ಣೆ ಒಮ್ಮೆಗೇ ಎಂಜಿನ್ನಿಗೆ ಹೋಗಿಬಿಡುತ್ತದೆ. ತಣ್ಣಗಿರುವ ಎಂಜಿನ್ನಿನಲ್ಲಿ, ದೊಡ್ಡವರ ಎದುರಿನಲ್ಲಿ ಮಾತ್ರ ಇದನ್ನು ಮಾಡಬೇಕು ಎಂಬ ಕರಾರಿನ ಮೇಲೆ ಮೊಮ್ಮಗನಿಗೆ ಆ ಕೆಲಸ ವಹಿಸಿದ್ದೇವೆ. ನನ್ನ ಹಳೆಯ ಬ್ಯಾಂಕ್ ಡೈರಿಯಲ್ಲಿ ಅವನೇ ಗೆರೆ ಹಾಕಿಕೊಂಡು ಬರೆಯುತ್ತಾನೆ. ಚಳಿಗಾಲದಲ್ಲಿ ಬಸಿದದ್ದು ಮಜ್ಜಿಗೆಯಂತೆ ಬೆಳ್ಳಗಿತ್ತು. ಎಣ್ಣೆಯ ಜೊತೆ ನೀರಿನ ಆವಿ ತಣಿದು ಸೇರಿದ್ದು. ಹೋದ ತಿಂಗಳ ಸಾಲಿನಲ್ಲಿ ಹೀಗಿದೆ: “ಎರಡು ಚಮಚ. ಕರ್ರಗ. ಅಜ್ಜಿ ಚಮಚ ಕೊಡಲಿಲ್ಲ, ಔಷಧ ಬಾಟಲಿ ಮುಚ್ಚಳದಿಂದ ಅಳೆದೆ.”