ಕೋಟೆ ಮಾರಿಕಾಂಬೆಯ ಜಾತ್ರೆ: ಗೃಹಿಣಿಯೊಬ್ಬರ ಪ್ರಶ್ನೆ

ಊರಿಗೆ ಬಂದ ಪಿಡುಗನ್ನು ದೈವದ ಸಂಗಡ ಊರಾಚೆಗೆ ಕಳುಹಿಸಿಕೊಡುವ ಆಚರಣೆ ಅನೇಕ ನಾಡುಗಳಲ್ಲಿ ಉಂಟು. ಚೀನಾ ದೇಶದ ಫುಜಿಯಾನ್ ಪ್ರಾಂತದ ಕಡಲತೀರದ ಗ್ರಾಮಸ್ಥರು ವಾಂಗ್‌ಯೆ ಎಂಬ ದೈವಕ್ಕೆ ಮರದ ನೌಕೆಯೊಂದನ್ನು ನಿರ್ಮಿಸಿ, ಮೆರವಣಿಗೆ ಮಾಡಿ, ಕಡೆಗೆ ದಡದಲ್ಲಿ ಅದನ್ನು ಅಗ್ನಿಗೆ ಅರ್ಪಿಸುವರು. ಊರಿನ ಕೇಡೆಲ್ಲವೂ ಅದರೊಡನೆ ತೊಲಗುವುದೆಂದು ಅವರ ನಂಬಿಕೆ. ವಲಸೆ ಹೋದವರು ಇದನ್ನು ಮಲೇಷಿಯದ ಮಲಕ್ಕಾಕ್ಕೂ ಒಯ್ದರು. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಉಭಯ ದೇಶಗಳ ಪರಂಪರೆಯೆಂದು ಮನ್ನಿಸಿತು.

ಇದನ್ನು ಓದಿದಾಗ ನಮಗೆ ಶಿವಮೊಗ್ಗೆಯ ಕೋಟೆ ಮಾರಿಕಾಂಬೆಯ ಜಾತ್ರೆ ನೆನಪಾಯಿತು. ಎರಡು ವರ್ಷಗಳಿಗೊಮ್ಮೆ ನಡೆಯುವ, ಐದು ದಿನಗಳ ಆ ಜಾತ್ರೆಯನ್ನು ನಾವು 2024ರ ಮಾರ್ಚ್ ತಿಂಗಳಲ್ಲಿ ಕಂಡೆವು. ಮೊದಲ ದಿನ ಮಂಗಳವಾರ, ದೇವಿ ಗಾಂಧಿ ಬಜಾರಿನ ತವರುಮನೆಯಲ್ಲಿ ಇರುವಳು. ತಟ್ಟೆಗಳಲ್ಲಿ ಅಕ್ಕಿ, ತೆಂಗಿನಕಾಯಿ, ಹಸಿರು ಬಳೆ, ರವಿಕೆ ಕಣ, ಅರಿಸಿನ ಕುಂಕುಮಗಳನ್ನು ಹಿಡಿದ ಸ್ತ್ರೀಯರ ಸಾಲು ಕಣ್ಣಿಗೆ ನಿಲುಕದಷ್ಟು ದೂರ ಬೆಳೆದಿತ್ತು. ಮನೆಗೆ ಬಂದ ಮಗಳಿಗೆ ಉಡಿ ತುಂಬುವಂತೆಯೇ ದೇವಿಗೂ ತುಂಬುವರು. ಬಳಿಕ ದೇವಿಯನ್ನು ಕೋಟೆ ರಸ್ತೆಯ ಗದ್ದುಗೆಗೆ ಕರೆತರುವರು. ಅಲ್ಲಿ ನಾನಾ ಸಮುದಾಯದವರು ತಮ್ಮ ತಮ್ಮ ಪಾಲಿನ ಸೇವೆ ಸಲ್ಲಿಸುವರು. ಕೊನೆಯ ದಿನ ಆಕೆಯನ್ನು ವನಕ್ಕೆ ಬೀಳ್ಕೊಡುವರು. ಚೀನೀಯರ ನೌಕೆ ಕಡಲತಡಿಗೆ ಹೋದರೆ ನಮ್ಮ ಮಾರಿ ಕಾಡಿಗೆ ಹೋಗುವಳು.

ಸಿಡುಬನ್ನು ಜನ 'ಅಮ್ಮ' ಎಂದೇ ಕರೆಯುತ್ತಿದ್ದ ಕಾಲವನ್ನು ನಮ್ಮ ವಯಸ್ಸಿನವರು ಬಲ್ಲರು. ಆ ರೋಗ ಭಾರತದಲ್ಲಿ 1975ಕ್ಕೆ ನಿಂತಿತು. 1980ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅದನ್ನು ಓಡಿಸಿದ್ದು ದಾಕು ಹಾಕುವವರ ಸೂಜಿ, ಕೋಣನ ರಕ್ತವಲ್ಲ. ರೋಗ ಹೋದರೂ ಭಯ ಮಾತ್ರ ಉಳಿದಿದೆ.

ಜಾತ್ರೆಯ ಮರುವಾರ ಭದ್ರಾವತಿಯ ಭಕ್ತರ ಮನೆಯೊಂದರಲ್ಲಿ ಪ್ರಸಾದಕ್ಕೆ ಕುಳಿತಿದ್ದೆವು. ಆ ಮನೆಯ ತಾಯಿ ಕೇಳಿದರು: "ಅಯ್ಯನವರೇ, ಮೈಮೇಲೆ ಲಿಂಗ ಇದೆ. ಆದರೂ ನಮ್ಮತ್ತೆಯವರ ಕಾಲದಿಂದ ಮಾರಮ್ಮನಿಗೆ ಉಡಿ ತುಂಬುತ್ತ ಬಂದಿದ್ದೇವೆ. ಬಿಟ್ಟರೆ ಮಕ್ಕಳಿಗೆ ಏನಾದರೂ ಆದೀತೆಂದು ಹೆದರಿಕೆ. ತಪ್ಪೇ?"

ಹನ್ನೆರಡನೆಯ ಶತಮಾನದ ಶರಣರು ಏಕದೇವ ನಿಷ್ಠೆಯನ್ನು ಬೋಧಿಸಿ, ಕ್ಷುದ್ರದೈವಗಳ ಅಂಜಿಕೆಯನ್ನೂ ಪ್ರಾಣಿಬಲಿಯನ್ನೂ ನಿರಾಕರಿಸಿದರು. ಬಲಿಯ ಮಾತಿನಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. 1959ರ ಕಾನೂನೂ ಅದನ್ನು ನಿಷೇಧಿಸಿದೆ. ಆದರೆ ಒಂದು ಹಿಡಿ ಅಕ್ಕಿಯ ವಿಷಯದಲ್ಲಿ ಖಂಡನೆಯ ಮಾತನ್ನು ಆಡಲು ನಮಗೆ ಮನಸ್ಸಾಗಲಿಲ್ಲ. ಹೆದರಿ ಹೋಗುವುದು ಲಿಂಗನಿಷ್ಠೆಗೆ ಸಲ್ಲದು ಎಂದಷ್ಟೇ ತಿಳಿಸಿ, "ಉಡಿ ತುಂಬುವಾಗ ತಾವು ಯಾರನ್ನು ನೆನೆಯುವಿರಿ, ತಾಯೀ?" ಎಂದು ಕೇಳಿದೆವು.

ಆಕೆ ತುಸು ತಡೆದು, "ದಾವಣಗೆರೆಗೆ ಕೊಟ್ಟ ಮಗಳನ್ನು. ಬಂದು ಎರಡು ವರ್ಷವಾಯಿತು" ಎಂದರು. ಯುಗಾದಿಗೆ ಮೂರು ವಾರಗಳಿದ್ದವು. ಯಜಮಾನರನ್ನು ಕರೆದು, ಮಗಳನ್ನು ಹಬ್ಬಕ್ಕೆ ಕರೆತರುವಂತೆ ಹೇಳಿ ನಾವು ಹೊರಟೆವು.